ಓಡುವವನನ್ನು ಯಾರೂ ಕೇಳುವುದಿಲ್ಲ

ಕೇಶವಪ್ರಸಾದ ಓಡಲು ಕಲಿತದ್ದು ಜಯಪಾಲನ ಹಟ್ಟಿಯ ದೆಸೆಯಿಂದ.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವನು ಹಾಲು ತರಲು ಹೊರಟಿದ್ದ. ಗುಡ್ಡೆಯ ಮೇಲಿಂದ ಡಿಪೋಗೆ ಹಾಲು ಹೊತ್ತು ಇಳಿಯುತ್ತಿದ್ದ ಜಯಪಾಲ ದೂರದಿಂದಲೇ ಅವನನ್ನು ಕಂಡು ಕ್ಯಾನು ಕೆಳಗಿಟ್ಟ. ಜಯಪಾಲ ಕ್ಯಾನು ಕೆಳಗಿಟ್ಟನೆಂದರೆ ಅರ್ಧ ಗಂಟೆಯ ಮಾತು ಎಂದರ್ಥ. ಹೊಸದಾಗಿ ಕಟ್ಟಿದ ದನದ ಹಟ್ಟಿಗೆ ಪರ್ಮಿಟ್ ಬೇಕೆಂದು ಅವನು ಪಂಚಾಯತಿಗೆ ಅಪೇಕ್ಷೆಯ ಅರ್ಜಿ ಕೊಟ್ಟು ವರ್ಷವಾಗಿತ್ತು. ಕೇಶವಪ್ರಸಾದ ಆ ಪಂಚಾಯತಿನ ಕ್ಲಾರ್ಕು. ಅಷ್ಟರಲ್ಲಿ ತಿರುವಿನಲ್ಲಿ ಉಪ್ಪಳದ ಬಸ್ಸು ಕಾಣಿಸಿತು. ಎಲ್ಲಿಗೂ ಹೋಗಲಿಕ್ಕಿಲ್ಲದ ಕೇಶವಪ್ರಸಾದ ಲುಂಗಿ ಎತ್ತಿ ಕಟ್ಟಿ ಬಸ್ಸಿನ ಹಿಂದೆ ಓಟ ಕಿತ್ತ.

"ಓಡಿ, ಓಡಿ ಕೇಶವಣ್ಣ! ಬಸ್ಸು ತಪ್ಪೀತು!" ಎಂದು ಜಯಪಾಲ ತಾನೇ ಶಿಳ್ಳೆ ಹಾಕಿ ಬಸ್ಸು ನಿಲ್ಲಿಸಿಕೊಟ್ಟ. ಅಷ್ಟು ಉಪಕಾರ ಮಾಡಿದವನ ಎದುರು ಹತ್ತದೆ ಇರುವುದು ಹೇಗೆ? ಕೇಶವಪ್ರಸಾದ ಲುಂಗಿಯಲ್ಲೇ ಉಪ್ಪಳದವರೆಗೆ ಹೋಗಿ, ಹಾಲಿಲ್ಲದೆ ತಿರುಗಿ ಬಂದು, ಹೆಂಡತಿ ಶ್ರೀರಂಜಿನಿಯಿಂದ ಬೈಸಿಕೊಂಡು ಕರಿ ಚಾ ಕುಡಿದ.

ಆದರೆ ಆ ಕರಿ ಚಾ ಕುಡಿಯುವಾಗ ಅವನಿಗೊಂದು ಸತ್ಯ ಹೊಳೆಯಿತು. ನಮ್ಮ ಕಡೆ ನಡೆದುಹೋಗುವವನನ್ನು ಯಾರು ಬೇಕಾದರೂ ನಿಲ್ಲಿಸಿ "ಎಲ್ಲಿಗೆ ಹೊರಟದ್ದು?" ಎಂದು ಕೇಳಬಹುದು. ಓಡುವವನನ್ನು ಯಾರೂ ಕೇಳುವುದಿಲ್ಲ. ಪಾಪ, ಎಂತದೋ ಅವಸರ ಎಂದು ದಾರಿ ಬಿಡುತ್ತಾರೆ.

ಕೇಶವಪ್ರಸಾದ ಕೆಟ್ಟವನೇನೂ ಅಲ್ಲ. ಆಫೀಸಿಗೆ ಬಂದವರ ಕೈಯಿಂದ ಒಂದು ಚಾ ಕೂಡ ಕುಡಿದವನಲ್ಲ. ಅವನಿಗಿದ್ದದ್ದು ಎರಡೇ ಭಯ: ಖಾಲಿ ಬಿಟ್ಟ ಕಾಲಂ ಮತ್ತು ಗುಡ್ಡೆಯ ಏರು. ಯಾವುದಾದರೂ ಕಾಲಂ ಖಾಲಿಯಿದ್ದರೆ ಅಪೇಕ್ಷೆ ಹಿಂದಕ್ಕೆ ಹೋಗುತ್ತಿತ್ತು. ಎಲ್ಲ ತುಂಬಿದ್ದರೂ ಮನೆ ಗುಡ್ಡೆಯ ಮೇಲಿದ್ದರೆ, 'ವಾಹನ ಹೋಗುವ ದಾರಿ ಇಲ್ಲದ ಕಾರಣ ಸ್ಥಳ ಪರಿಶೀಲನೆ ಬಾಕಿ' ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಕಪಾಟಿನಲ್ಲಿಡುತ್ತಿದ್ದ. ಅಂಥವು ನಲವತ್ತೊಂಬತ್ತು ಇದ್ದವು. ಆ ನಲವತ್ತೊಂಬತ್ತು ಮನೆಯವರು ಅವನನ್ನು ಮೀನು ಮಾರ್ಕೆಟಿನ ಎದುರು, ಮದುವೆಯ ಪಂಕ್ತಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ಹಿಡಿಯುತ್ತಿದ್ದರು. ಮುಖಕ್ಕೆ ಸಾಬೂನಿನ ನೊರೆ ಹಚ್ಚಿಕೊಂಡು ಕೂತವನು ಎಲ್ಲಿಗೆ ಓಡಿಯಾನು?

ಹಾಗಾಗಿ ಅವನು ಉಳಿದ ಹೊತ್ತಿನಲ್ಲಿ ಓಡತೊಡಗಿದ. ಮೊದಲು ಒಂದು ಕಿಲೋಮೀಟರು, ಆಮೇಲೆ ಐದು, ಹತ್ತು. ದಮ್ಮು ಕಟ್ಟುವುದು ನಿಂತಿತು, ಹೊಟ್ಟೆ ಇಳಿಯಿತು, ಗುಡ್ಡೆ ಹತ್ತುವುದು ಕಷ್ಟವೆನಿಸಲಿಲ್ಲ. ಕಪಾಟು ಮಾತ್ರ ಹಾಗೆಯೇ ಉಳಿಯಿತು. ಆದರೆ ಜನ ಬುದ್ಧಿವಂತರು. ಒಂದು ದಿನ ಜಯಪಾಲ ಸ್ಕೂಟರಿನಲ್ಲಿ ಪಕ್ಕಕ್ಕೇ ಬಂದು, "ನೀವು ಓಡಿ ಕೇಶವಣ್ಣ, ನಿಲ್ಲುದು ಬೇಡ. ನಾನು ಹೇಳ್ತಾ ಬರ್ತೇನೆ," ಎಂದು ಮೂರು ಕಿಲೋಮೀಟರು ಹಟ್ಟಿಯ ಕತೆ ಹೇಳಿದ.

ಉಪ್ಪಳದ ಫಿಸಿಯೋಥೆರಪಿಸ್ಟ್ ಸುಪ್ರೀತಾ ಗುಡ್ಡೆ ಓಟದ ನೋಟೀಸು ಹಚ್ಚಿದ್ದು ಆ ವಾರವೇ. ಐವತ್ತು ಕಿಲೋಮೀಟರು, ಡಾಂಬರಿಲ್ಲದ ದಾರಿ, ಬೆಳಿಗ್ಗೆ ಐದೂವರೆಯಿಂದ ಸಂಜೆ ಐದೂವರೆ. 'ಈ ದಾರಿಯಲ್ಲಿ ವಾಹನ ಇಲ್ಲ, ಹೆಚ್ಚಿನ ಕಡೆ ಮೊಬೈಲ್ ರೇಂಜೂ ಇಲ್ಲ' ಎಂಬ ಎಚ್ಚರಿಕೆಯನ್ನು ಕೇಶವಪ್ರಸಾದ ಎರಡು ಸಲ ಓದಿದ, ಹಸಿದವನು ಊಟದ ಎಲೆ ನೋಡಿದ ಹಾಗೆ. ಹನ್ನೆರಡು ಗಂಟೆ ಯಾರೂ ಎಂತದೂ ಕೇಳುವುದಿಲ್ಲ! ಅವನಿಗೆ ಬೇಕಾದದ್ದು ಅಂಥ ಒಂದೇ ಒಂದು ದಿನ.

ಫಾರ್ಮಿನ ಕೊನೆಯ ಕಾಲಂ ಹೀಗಿತ್ತು: 'ಓಡಲು ನಿಮಗೆ ಪ್ರೇರಣೆ ಏನು?' ಜೀವಮಾನದಲ್ಲಿ ಮೊದಲ ಬಾರಿಗೆ ಕೇಶವಪ್ರಸಾದ ಒಂದು ಕಾಲಂ ಖಾಲಿ ಬಿಟ್ಟ.

ಸುಪ್ರೀತಾ ಫೋನು ಮಾಡಿದಳು. "ಸರ್, ಅದು ಕಡ್ಡಾಯ. ಆದ್ರೂ ಪರವಾಗಿಲ್ಲ, ನೀವು ಓಡಿ ಮುಗಿಸಿ. ಮೆಡಲ್ ತಕ್ಕೊಳ್ಳುವ ಮೊದಲು ತುಂಬಿಸಿದ್ರೆ ಆಯ್ತು."

ಖಾಲಿ ಕಾಲಮ್ಮಿಗೆ ಇಷ್ಟು ದಯೆ ತೋರಿಸಬಹುದೆಂಬುದು ಅವನಿಗೆ ಹೊಸ ಸಂಗತಿ.

ಓಟದ ಭಾನುವಾರ ಬೆಳಗ್ಗೆ ಮೈದಾನದಲ್ಲಿ ಅರುವತ್ತು ಜನ ಸೇರಿದ್ದರು. ಪಕ್ಕದಲ್ಲಿ ಗಲ್ಫಿನಿಂದ ರಜೆಯಲ್ಲಿ ಬಂದ ಲೆಸ್ಟರ್ ಕಾಲು ಚಾಚಿ ಬಗ್ಗುತ್ತಿದ್ದ. "ಸಿಗರೇಟು ಬಿಡ್ಲಿಕ್ಕೆ ಅಂತ ಓಡ್ಲಿಕ್ಕೆ ಸುರು ಮಾಡಿದ್ದು ನಾನು," ಎಂದ. "ಈಗ ಹಾಗಲ್ಲ. ಮೂವತ್ತು ಕಿಲೋಮೀಟರು ದಾಟಿದ ಮೇಲೆ ತೀರಿಹೋದ ಪಪ್ಪ ಪಕ್ಕದಲ್ಲಿ ಓಡಿದ ಹಾಗೆ ಆಗ್ತದೆ. ಅದಕ್ಕೇ ಬರುದು. ನಿಮ್ಮದೆಂತ?"

"ಹೀಗೇ, ಆರೋಗ್ಯಕ್ಕೆ," ಎಂದ ಕೇಶವಪ್ರಸಾದ. ಅವನಿಗೆ ತನ್ನ ಕಾರಣದ ಬಗ್ಗೆ ಸ್ವಲ್ಪ ನಾಚಿಕೆಯಾಯಿತು.

ಸುಪ್ರೀತಾ ಮೈಕು ಹಿಡಿದಳು. "ಏಳು ಕಡೆ ನೀರು ಉಂಟು. ಎಲ್ಲಾ ವಾಹನ ಹೋಗದ ಮನೆಗಳ ಅಂಗಳ. ಲಿಸ್ಟು ಮಾಡಿ ಕೊಟ್ಟದ್ದು ನಮ್ಮ ವಾರ್ಡು ಮೆಂಬರು. ಪ್ರತಿ ಮನೆಯಲ್ಲಿ ಒಂದು ಪುಸ್ತಕ ಉಂಟು. ಮನೆ ಹೆಸರು, ಮನೆ ನಂಬ್ರ, ಸಮಯ ಬರೆದು ಸಹಿ ಹಾಕ್ಬೇಕು. ಒಂದು ಸಹಿ ತಪ್ಪಿದ್ರೂ ಮೆಡಲ್ ಇಲ್ಲ."

ವಾಹನ ಹೋಗದ ಮನೆಗಳು! ಕೇಶವಪ್ರಸಾದನಿಗೆ ಆಫೀಸಿನ ಕಪಾಟು ನೆನಪಾಯಿತು. ಹಿಂದೆ ಸರಿಯೋಣವೆಂದರೆ ಸೀಟಿ ಊದಿಯಾಗಿತ್ತು.

ಮೊದಲ ಅಂಗಳದಲ್ಲಿ ಚೊಂಬು ಹಿಡಿದು ನಿಂತವನು ಜಯಪಾಲ. ತಟ್ಟೆಯಲ್ಲಿ ಬೆಲ್ಲದ ತುಂಡು.

"ಬನ್ನಿ ಕೇಶವಣ್ಣ, ಬನ್ನಿ! ಕೂತ್ಕೊಳ್ಳಿ. ಬಾಯಾರಿಕೆಗೆ ತಕ್ಕೊಳ್ಳಿ."

ನಮ್ಮ ಕಡೆ ಮನೆಗೆ ಬಂದವರು ಬೆಲ್ಲ ಕಚ್ಚಿ ನೀರು ಕುಡಿಯದೆ ಅಂಗಳ ದಾಟಿದರೆ ಮನೆಯವರಿಗೆ ದೊಡ್ಡ ಬೇಜಾರು. ನಿಂತು ಕುಡಿದರೂ ಬೇಜಾರೇ. ಜಗಲಿಯಲ್ಲಿ ಕೂತು ಕುಡಿಯಬೇಕು. ಕೂತವನು ಓಡುವವನಲ್ಲ. ಓಡದವನನ್ನು ಕೇಳಬಹುದು.

"ಈ ಪ್ರಾಯದಲ್ಲಿ ಓಡುವ ಮನಸ್ಸು ಹೇಗೆ ಬಂತು ಮಾರಾಯ್ರೆ?" ಎಂದ ಜಯಪಾಲ. "ಸಕ್ಕರೆ ಕಾಯಿಲೆಯಾ? ಹೆಂಡತಿ ಹತ್ರ ಜಗಳವಾ? ಮಧೂರು ದೇವರಿಗೆ ಹರಕೆಯಾ?"

"ಎಂತದೂ ಇಲ್ಲ."

"ಇರ್ಲಿ, ಹೇಳುದು ಬೇಡ. ಹಟ್ಟಿ ಮನೆಯ ಹಿಂದೆಯೇ ಉಂಟು. ಹತ್ತು ಹೆಜ್ಜೆ. ಬೆಲ್ಲ ಕರಗುವಷ್ಟರಲ್ಲಿ ನೋಡಿ ಬರುವ."

ನೋಡಿ ಬಂದರು. ಹಟ್ಟಿ ಸರಿಯಾಗಿಯೇ ಇತ್ತು. ದನ ಕೂಡ ಕೇಶವಪ್ರಸಾದನನ್ನು ನೋಡಿ, ಇಷ್ಟು ತಡವಾ ಎಂಬಂತೆ ತಲೆಯಲ್ಲಾಡಿಸಿತು. ಪುಸ್ತಕದಲ್ಲಿ ಸಹಿ ಹಾಕಿ ಅವನು ಕಾಲ್ತೆಗೆದ.

ಎರಡನೆಯ ಮನೆ ಯೋಗೀಶನದು. ಗೇರುಮರಗಳ ಮರೆಯಿಂದ ಇಣುಕಿದರೆ ಅಂಗಳದಲ್ಲಿ ನಾಲ್ಕು ಕುರ್ಚಿ, ಹತ್ತು ಜನ. ಸುತ್ತಮುತ್ತಲಿನ ಮನೆಯವರೂ ಕಾಗದಪತ್ರ ಹಿಡಿದು ಕಾಯುತ್ತಿದ್ದರು. ಆಫೀಸಿನಲ್ಲಿ ಸಿಗದ ಕ್ಲಾರ್ಕು ಎಂಟು ಗಂಟೆಗೆ ಸರಿಯಾಗಿ ಗುಡ್ಡೆಯಲ್ಲಿ ಸಿಗುತ್ತಾನೆಂಬ ಸುದ್ದಿ ಹಬ್ಬಿತ್ತು. ಗುಂಪು ಚದುರಲಿ ಎಂದು ಕೇಶವಪ್ರಸಾದ ಪಕ್ಕದ ಸುರಂಗದೊಳಗೆ ನುಗ್ಗಿದ. ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗ ಅದು. ಒಳಗೆ ಕತ್ತಲೆ, ಮೊಣಕಾಲುದ್ದ ತಣ್ಣೀರು. ಆಹಾ ಎನಿಸಿತು.

"ಯಾರದು?" ಎಂದಿತು ಕತ್ತಲೆ.

ಕೇಶವಪ್ರಸಾದ ಉಸಿರು ಬಿಗಿ ಹಿಡಿದ. ಟಾರ್ಚು ಹೊತ್ತಿತು. ಕೊಡಪಾನ ಹಿಡಿದು ನಿಂತಿದ್ದ ಯೋಗೀಶನ ಮುಖ ಅರಳಿತು.

"ಅಯ್ಯೋ ಕೇಶವಣ್ಣ! ನಿಮಗೇ ಅಂತ ಹೊಸ ನೀರು ತೆಗೀಲಿಕ್ಕೆ ಬಂದದ್ದು ನಾನು. ನೀವು ನೀರು ಹುಡುಕಿಕೊಂಡು ಇಲ್ಲಿಗೇ ಬರುದಾ! ಎಷ್ಟು ಬಾಯಾರಿಕೆಯಪ್ಪ!"

ಹಾಗೆ ಅವನು ಎರಡನೆಯ ಅಂಗಳಕ್ಕೆ ಕೈ ಹಿಡಿಸಿಕೊಂಡು ಬಂದ, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಮಗುವಿನಂತೆ. ಒದ್ದೆ ಕೈಯಲ್ಲಿ ಸಹಿ ಹಾಕಿದ. ಮೂರನೆಯ, ನಾಲ್ಕನೆಯ ಅಂಗಳಗಳಲ್ಲೂ ಬೆಲ್ಲ, ನೀರು, ಪ್ರಶ್ನೆ. ಹನ್ನೊಂದು ಗಂಟೆಗೆ ಅವನ ಹೊಟ್ಟೆ ತುಂಬಿದ ಕೊಡದಂತೆ ಕುಲುಕುತ್ತಿತ್ತು. ಐದನೆಯ ಏರಿನಲ್ಲಿ ಬಲಗಾಲಿನ ಶೂವಿನ ಅಟ್ಟೆ ಕಿತ್ತು, ಹೆಜ್ಜೆ ಹೆಜ್ಜೆಗೂ ಮೊಸಳೆಯಂತೆ ಬಾಯಿ ತೆರೆಯತೊಡಗಿತು.

ಐದನೆಯ ಮನೆ ಗ್ರೇಸಿಬಾಯಿಯದು. ಕೆಂಪುಕಲ್ಲಿನ ಸಣ್ಣ ಹೊಸ ಮನೆ. ಕುಂಟುತ್ತ ಬಂದ ಅವನನ್ನು ಗ್ರೇಸಿಬಾಯಿ ನೋಡಿದರು. "ಕೂತ್ಕೊಳ್ಳಿ" ಎಂದರು. ಅಷ್ಟೇ.

ಅವರು ಬೆಲ್ಲ ತರಲಿಲ್ಲ. ಉಪ್ಪು ಹಾಕಿದ ಬಿಸಿ ಗಂಜಿ, ಒಂದು ಮಾವಿನಮಿಡಿ ತಂದಿಟ್ಟರು. ಅವನು ಉಣ್ಣುತ್ತಿದ್ದಾಗ ಶೂವನ್ನು ಎತ್ತಿಕೊಂಡು ಹೋಗಿ, ಬಾಳೆಯ ನಾರನ್ನು ನೀರಿನಲ್ಲಿ ನೆನೆಸಿ, ಅಟ್ಟೆಗೆ ಸುತ್ತು ಹಾಕಿ ಬಿಗಿದು ಕಟ್ಟಿದರು. ಮಗಳು ಎಲ್ವಿಟಾ ಕಾಲಿನ ಗುಳ್ಳೆಗೆ ತೆಂಗಿನೆಣ್ಣೆ ಕೊಟ್ಟಳು. ಯಾರೂ ಏನೂ ಕೇಳಲಿಲ್ಲ.

ಕೇಶವಪ್ರಸಾದನಿಗೇ ತಡೆಯಲಾಗಲಿಲ್ಲ. "ನಾನು ಎಂತಕೆ ಓಡುದು ಅಂತ ನೀವು ಕೇಳುದಿಲ್ವಾ?"

"ಓಡಿ ಬಂದವರ ಹತ್ರ ಎಂತ ಕೇಳುದು? ಮೊದಲು ಉಸಿರು ಬರ್ಲಿ," ಎಂದರು ಗ್ರೇಸಿಬಾಯಿ.

ಅವನ ಕಣ್ಣು ಮಂಜಾಯಿತು. ಎಂಟು ತಿಂಗಳಿಂದ ಅವನು ಹುಡುಕಿಕೊಂಡು ಓಡುತ್ತಿದ್ದ ಜಾಗ ಇದೇ ಎನಿಸಿತು. ಪುಸ್ತಕ ತೆರೆದು ಮನೆಯ ಹೆಸರು ಬರೆದ. ನಂಬ್ರದ ಕಾಲಂ ಬಂದಾಗ ಬಾಗಿಲ ಮೇಲೆ ಹುಡುಕಿದ.

"ಅದು ಖಾಲಿ ಬಿಡಿ," ಎಂದರು ಗ್ರೇಸಿಬಾಯಿ ಮೆಲ್ಲಗೆ. "ನಮಗೆ ಇನ್ನೂ ಆಗ್ಲಿಲ್ಲ."

ಆಗ ಅವನು ನೋಡಿದ. ಗೋಡೆಯಲ್ಲಿ ಸ್ವಿಚ್ಚುಗಳಿದ್ದವು. ಮಾಡಿನಿಂದ ಬಲ್ಬು ನೇತಾಡುತ್ತಿತ್ತು. ಮೂಲೆಯಲ್ಲಿ ಎಲ್ವಿಟಾಳ ನರ್ಸಿಂಗ್ ಪುಸ್ತಕಗಳು, ಪಕ್ಕದಲ್ಲಿ ಚಿಮಣಿ ದೀಪ. ಮನೆ ನಂಬ್ರವಿಲ್ಲದೆ ಕರೆಂಟಿಲ್ಲ. ನಂಬ್ರ ಯಾಕಿಲ್ಲವೆಂದು ಕೇಶವಪ್ರಸಾದನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾರಣ ಅವನ ದುಂಡಗಿನ ಅಕ್ಷರದಲ್ಲೇ ಇತ್ತು. ಆ ಕಾಲಂ ಖಾಲಿ ಬಿಟ್ಟು ಸಹಿ ಹಾಕಿದ.

ಅಲ್ಲಿಂದ ಮುಂದೆ ಗುಡ್ಡೆಯ ನೆತ್ತಿಯ ಬಯಲು, ಪದವು. ಮನುಷ್ಯರಿಲ್ಲ, ಸ್ಕೂಟರಿಲ್ಲ, ಮುಳಿಹುಲ್ಲು, ಗಾಳಿ, ದೂರದಲ್ಲಿ ಸಮುದ್ರದ ಒಂದು ಬೆಳ್ಳಿಗೆರೆ. ಕೊನೆಗೂ ಅವನಿಗೆ ಬೇಕಾಗಿದ್ದ ಮೌನ ಸಿಕ್ಕಿತು. ಆದರೆ ಆ ಮೌನದಲ್ಲಿ ಹೊತ್ತದ ಬಲ್ಬೊಂದು ಅವನ ಕಣ್ಣ ಮುಂದೆಯೇ ಓಡತೊಡಗಿತು. ಅವನು ವೇಗ ಹೆಚ್ಚಿಸಿದ. ಬಲ್ಬೂ ಹೆಚ್ಚಿಸಿತು.

"ಆಯ್ತು, ಆಯ್ತು. ಮುಂದಿನ ವಾರ ಮಾಡುವ," ಎಂದ ಅವನು ಗಟ್ಟಿಯಾಗಿ. ಎಷ್ಟಾದರೂ ಕ್ಲಾರ್ಕು, ನಾಳೆ ಎನ್ನುವುದು ಬಾಯಿಗೆ ಬರಲಿಲ್ಲ.

ಇನ್ನೆರಡು ಅಂಗಳ ದಾಟಿ, ಐದು ಗಂಟೆ ಇಪ್ಪತ್ತಾರು ನಿಮಿಷಕ್ಕೆ, ಬಾಳೆನಾರಿನ ಶೂ ಎಳೆಯುತ್ತ, ಅವನು ಶಿರಿಯ ಹೊಳೆಯ ಬದಿಯ ಮೈದಾನಕ್ಕೆ ಬಂದು ಮುಟ್ಟಿದ. ಎಲ್ಲರಿಗಿಂತ ಕೊನೆ. ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಜಯಪಾಲ ಓಡಿ ಬಂದು ತನ್ನ ಹೆಗಲ ಮೇಲಿನ ಬೈರಾಸು ತೆಗೆದು ಅವನ ಬೆನ್ನಿಗೆ ಹೊದೆಸಿದ. ಕುರ್ಚಿಯಲ್ಲಿ ಮುಖ್ಯ ಅತಿಥಿಯಾಗಿ ಕೂತಿದ್ದವರು ಹೋದ ತಿಂಗಳಷ್ಟೇ ಬಂದ ಪಂಚಾಯತು ಸೆಕ್ರೆಟರಿ ಸೌಮ್ಯಶ್ರೀ.

ಗುಡ್ಡೆಯಿಂದ ಇಳಿಸಿ ತಂದ ಏಳು ಪುಸ್ತಕಗಳನ್ನು ಸುಪ್ರೀತಾ ಅವರ ಮುಂದಿಟ್ಟಳು. ಸೌಮ್ಯಶ್ರೀ ಒಂದೊಂದಾಗಿ ತೆರೆದರು. ಮೂರನೆಯದಕ್ಕೆ ಹುಬ್ಬು ಏರಿತು. ಏಳನೆಯದಕ್ಕೆ ನಗು ಬಂತು.

"ಕೇಶವಪ್ರಸಾದರೇ, ಅಭಿನಂದನೆ. ಈ ಏಳು ಮನೆಯ ಫೈಲುಗಳನ್ನು ನಾನು ನಿನ್ನೆಯೇ ನೋಡಿದೆ. ಏಳರಲ್ಲಿಯೂ ಸ್ಥಳ ಪರಿಶೀಲನೆ ಬಾಕಿ."

"ಮೇಡಂ, ದಾರಿ... ವಾಹನ..."

"ಬಾಕಿ ಎಲ್ಲಿ? ಮನೆ ಹೆಸರು ಉಂಟು, ಸಮಯ ಉಂಟು, ನಿಮ್ಮ ಸಹಿ ಉಂಟು. ಹಟ್ಟಿಯನ್ನು ಒಳಗೆ ಹೋಗಿ ನೋಡಿದ್ದಕ್ಕೆ ಸಾಕ್ಷಿಯೂ ಉಂಟಂತೆ."

"ಉಂಟು ಮೇಡಂ, ನಾನೇ!" ಎಂದು ಜಯಪಾಲ ಕೂಗಿದ.

"ನಾಳೆ ಹತ್ತು ಗಂಟೆಗೆ ಏಳು ವರದಿ ನನ್ನ ಮೇಜಿನಲ್ಲಿರಲಿ," ಎಂದು ಸೌಮ್ಯಶ್ರೀ ಮೈಕು ತೆಗೆದುಕೊಂಡರು. "ಇನ್ನು ನಲವತ್ತೆರಡು ಮನೆಗಳು ಉಳಿದಿವೆ. ವಾಹನ ಹೋಗದ ಕಡೆ ಓಡಿ ಹೋಗಬಲ್ಲ ಕ್ಲಾರ್ಕು ಬೇರೆ ಯಾವ ಪಂಚಾಯತಿನಲ್ಲಿದ್ದಾರೆ? ವಾರಕ್ಕೆ ಆರು ಮನೆ. ಸುಪ್ರೀತಾ, ಇವರಿಗೆ ಒಂದು ಜೊತೆ ಒಳ್ಳೆಯ ಶೂ ನನ್ನ ಲೆಕ್ಕದಲ್ಲಿ."

ಚಪ್ಪಾಳೆ ಹೊಳೆಯ ಆಚೆ ದಡಕ್ಕೆ ಕೇಳಿಸಿತು. ಸುಪ್ರೀತಾ ಒಂದು ಕೈಯಲ್ಲಿ ಮೆಡಲ್, ಇನ್ನೊಂದರಲ್ಲಿ ಫಾರ್ಮು ಹಿಡಿದು ಬಂದಳು. "ಸರ್, ಆ ಖಾಲಿ ಕಾಲಂ?"

'ಓಡಲು ನಿಮಗೆ ಪ್ರೇರಣೆ ಏನು?' ಕೇಶವಪ್ರಸಾದ ಪೆನ್ನು ತೆಗೆದುಕೊಂಡ. ಒಂದು ನಿಟ್ಟುಸಿರು ಬಿಟ್ಟು, ದುಂಡಗಿನ ಅಕ್ಷರದಲ್ಲಿ ಬರೆದ: 'ಮೇಲಧಿಕಾರಿಗಳ ಆದೇಶ.'

ಹನ್ನೆರಡು ದಿನಗಳ ನಂತರ, ಹೊಸ ಶೂ ಹಾಕಿಕೊಂಡು, ಹಳೆಯದನ್ನು ಮಾತ್ರ ಎಸೆಯದೆ ಮನೆಯ ಕಪಾಟಿನಲ್ಲಿಟ್ಟು, ಅವನು ನಂಬ್ರದ ಕಾಗದ ಹಿಡಿದು ಗ್ರೇಸಿಬಾಯಿಯ ಅಂಗಳಕ್ಕೆ ತಾನೇ ಓಡಿಕೊಂಡು ಹೋದ. ಪ್ರಪಂಚದಲ್ಲಿ ತನ್ನನ್ನು ಏನೂ ಕೇಳದ ಒಂದು ಮನೆಯಾದರೂ ಉಂಟಲ್ಲ ಎಂಬ ಸಮಾಧಾನ ಅವನಿಗೆ. ಗ್ರೇಸಿಬಾಯಿ ಕಾಗದವನ್ನು ಕಣ್ಣಿಗೊತ್ತಿಕೊಂಡರು. ಗಂಜಿ ತಂದಿಟ್ಟರು. ಅವನು ಉಂಡು, ಉಸಿರು ಬರುವವರೆಗೆ ಸುಮ್ಮನಿದ್ದರು.

ಆಮೇಲೆ ಹತ್ತಿರ ಬಂದು ಕೂತು, ಮೆಲ್ಲಗೆ ಕೇಳಿದರು:

"ಕರೆಂಟಿನ ಆಫೀಸಿಗೆ ಇಲ್ಲಿಂದ ಎಷ್ಟು ಕಿಲೋಮೀಟರು ಆಗ್ತದೆ? ನೀವು ಓಡಿದ್ರೆ?"