ಡೇ ಲಿಲಿಯೂ ಲಲಿತಕ್ಕನೂ

ಕೈಗುಣ ಎಂಬ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ. ಅವರ ಹಿತ್ತಲಿಗೆ ನೆರೆಮನೆಯ ಹಸು ನುಗ್ಗಲಿ ಎಂಬುದು ನನ್ನ ಆಸೆ. ಮದುವೆಯಾಗಿ ಚಿಂತಾಮಣಿಗೆ ಬಂದಾಗಿನಿಂದ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ. ನನ್ನ ಯಜಮಾನರ ಅಕ್ಕ ಲಲಿತಕ್ಕ ಗೌರಿಬಿದನೂರಿನಿಂದ ಬಂದಾಗಲೆಲ್ಲ ಒಣಗಿದ ನನ್ನ ಗುಲಾಬಿಯನ್ನು ನೋಡಿ, "ನಿನ್ ಕೈಲಿ ಏನೂ ಚಿಗುರಲ್ಲ ಬಿಡಮ್ಮ" ಎನ್ನುತ್ತಾರೆ. ನಮಗೆ ಮಕ್ಕಳಿಲ್ಲ. ಹಾಗಾಗಿ ಆ ಮಾತು ಗುಲಾಬಿಯ ಹತ್ತಿರವೇ ನಿಲ್ಲುವುದಿಲ್ಲ. ಒಳಗೆ ಬಂದು ನಮ್ಮ ಜೊತೆ ಊಟಕ್ಕೂ ಕೂರುತ್ತದೆ.

ಹಟಕ್ಕೆ ಬಿದ್ದು ನರ್ಸರಿಯಿಂದ ಡೇ ಲಿಲಿ ಗಿಡ ತಂದೆ. "ಕಲ್ಲಿನ ಮೇಲಿಟ್ರೂ ಬರ್ತದೆ ಮೇಡಂ" ಎಂದಿದ್ದ ಮಾರುವವನು. ನನ್ನ ಮಣ್ಣಿಗೆ ಬಂದಮೇಲೆ ಅದು ಬಹಳ ಯೋಚಿಸಿತು. ಅಕ್ಕಿ ತೊಳೆದ ನೀರು, ಸಗಣಿ ಗೊಬ್ಬರ, ಸಾದಲಿಯ ಪರಿಚಯದವರು ಕೊಟ್ಟ ರೇಷ್ಮೆಹುಳುವಿನ ಹಿಕ್ಕೆ, ಎಲ್ಲವನ್ನೂ ಸುರಿದೆ. ಎರಡನೆಯ ಬೇಸಿಗೆಯಲ್ಲಿ ಒಂದು ಮೊಗ್ಗು ಬಂತು. ಈ ಹೂವಿನ ಆಯಸ್ಸು ಒಂದೇ ದಿನ. ಅದು ಅರಳುವ ಹಿಂದಿನ ದಿನವೇ ಲಲಿತಕ್ಕನಿಗೆ ಫೋನು ಮಾಡಿದೆ: "ನಾಳೆ ಬೆಳಗ್ಗೇನೇ ಬಂದ್ಬಿಡಿ ಅಕ್ಕ, ಸಾಯಂಕಾಲಕ್ಕೆ ಬಾಡಿಹೋಗುತ್ತೆ."

ಬಂದರು. ಅಂಗೈಯಗಲದ ಕಿತ್ತಳೆ ಬಣ್ಣದ ಹೂವು. ಹೊಗಳಿಕೆಗಾಗಿ ಕೈಕಟ್ಟಿ ನಿಂತೆ. ಲಲಿತಕ್ಕ ಬಗ್ಗಿ ಮೂಸಿದರು. "ವಾಸನೇನೇ ಇಲ್ವಲ್ಲಮ್ಮ!" ಎಂದು ಚಟಕ್ಕನೆ ಕಿತ್ತು ಮುಡಿದುಕೊಂಡರು.

"ಅಕ್ಕಾ, ಇದ್ದಿದ್ದೇ ಅದೊಂದು!"

"ಒಂದೇನಾ? ಪಾಪ" ಎಂದವರು ಹೊರಡುವಾಗ ಅರ್ಧ ಗಿಡ ಕೇಳಿದರು. ಎರಡು ವರ್ಷದಲ್ಲಿ ಒಂದು ಚೊಂಬು ನೀರನ್ನೂ ಹಾಕದ ನನ್ನ ಯಜಮಾನರು ಗುದ್ದಲಿ ಹಿಡಿದು, ಅರ್ಧಕ್ಕಿಂತ ಹೆಚ್ಚೇ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿಸಿ ಬಂದರು.

ಈಗ ಗೌರಿಬಿದನೂರಿನ ಲಲಿತಕ್ಕನ ಮನೆಯ ಕಾಂಪೌಂಡಿನುದ್ದಕ್ಕೂ ಡೇ ಲಿಲಿ. ದಿನಾ ಬೆಳಗ್ಗೆ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಬರುತ್ತದೆ. ಎಲ್ಲರಿಗಿಂತ ಮೊದಲು ಯಜಮಾನರು "ಅಕ್ಕನ ಕೈಗುಣ!" ಎಂದು ಬರೆಯುತ್ತಾರೆ. ನನ್ನ ಪಾಲಿನ ಗಿಡದಲ್ಲಿ ಬರೀ ಎಲೆ. ನಾನೂ ಸೌಜನ್ಯಕ್ಕೆ ಕೈಮುಗಿದ ಚಿತ್ರ ಹಾಕಿ, ಆಮೇಲೆ ಫೋಟೋವನ್ನು ಹಿಗ್ಗಿಸಿ, ಎಲ್ಲಾದರೂ ಹುಳು ಹತ್ತಿದೆಯೇ ಎಂದು ಎಲೆ ಎಲೆಯನ್ನೂ ಹುಡುಕುತ್ತೇನೆ. ನಿನ್ನೆ ಕೊನೆಗೂ ಒಂದು ಕಪ್ಪು ಚುಕ್ಕೆ ಸಿಕ್ಕಿತು. "ರೀ, ಬನ್ನಿ ಇಲ್ಲಿ! ನಿಮ್ಮಕ್ಕನ ಗಿಡಕ್ಕೆ ರೋಗ ಬಂದೈತೆ!" ಎಂದು ಹಬ್ಬದ ಉತ್ಸಾಹದಲ್ಲಿ ಕೂಗಿದೆ. ಅವರು ಬಂದು ನೋಡಿ, ಅಂಗಿಯ ತುದಿಯಿಂದ ನನ್ನ ಫೋನಿನ ಗಾಜನ್ನು ಒರೆಸಿಕೊಟ್ಟರು. ರೋಗ ವಾಸಿಯಾಯಿತು.