ರೆಕಾರ್ಡಿಗೆ ಮೂರು ಪಟ್ಟೆ ವಿಭೂತಿ

ಎಪ್ಪತ್ತೊಂದನೇ ವಯಸ್ಸಿನಲ್ಲಿ ನಾನು ಒಂದು ಹಳೆಯ ಪಾಪ ತೊಳೆದುಕೊಳ್ಳಲು ಹೊರಟೆ. ಪ್ಲಾನ್ ಬಹಳ ಸಿಂಪಲ್. ಒಂದು ಪಾರ್ಸೆಲ್ ತರಿಸುವುದು, ಗೆಳತಿಯನ್ನು ಊಟಕ್ಕೆ ಕರೆಯುವುದು, ಹಾಡು ಕೇಳಿಸುವುದು, ಸಾರಿ ಹೇಳುವುದು. ಇದರಲ್ಲಿ ಕೆಡುವಂಥದ್ದು ಏನಿದೆ?

ಪಾಪದ ಹಿನ್ನೆಲೆ ಹೀಗಿದೆ. ನಾನೂ ಲೂಸಿಯೂ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳ ಅಪ್ಪ ಹಿರಿಯೂರಿನ ಹತ್ತಿರದ ಬಬ್ಬೂರು ಫಾರಂನಲ್ಲಿ ಕೆಲಸದಲ್ಲಿದ್ದರು. ಅವರ ಕ್ವಾರ್ಟರ್ಸಿನಲ್ಲಿ ಒಂದು ರೆಕಾರ್ಡ್ ಪ್ಲೇಯರ್ ಇತ್ತು, ಬೊಂಬಾಯಿಯ ನೆಂಟರು ಕಳಿಸಿದ ಒಂದು ಇಂಗ್ಲಿಷ್ ರೆಕಾರ್ಡ್ ಇತ್ತು. ನಾಲ್ಕು ಜನ ಉದ್ದ ಕೂದಲಿನ ಹುಡುಗರ ರಾಕ್ ಬ್ಯಾಂಡು. ಆಮೇಲೆ ಅವರು ಜಗತ್ಪ್ರಸಿದ್ಧರಾದರು. ಇದು ಅವರಿನ್ನೂ ಏನೂ ಆಗಿರದಿದ್ದಾಗಿನ ಆಲ್ಬಂ. ರಜೆಗೆ ನಾನು ಬಬ್ಬೂರಿಗೆ ಹೋದರೆ ಮೂರನೇ ಹಾಡನ್ನು ಇಬ್ಬರೂ ಹತ್ತು ಸಲ ಹಾಕಿಕೊಂಡು ಕೇಳುತ್ತಿದ್ದೆವು. ಸಿಸ್ಟರ್‌ಗಳಿಗೆ ಗೊತ್ತಾದರೆ ಇಬ್ಬರನ್ನೂ ಮಂಡಿಯೂರಿಸಿ ಕೂರಿಸುತ್ತಿದ್ದರು, ಅಂಥ ಹಾಡು.

ಒಮ್ಮೆ ಆ ರೆಕಾರ್ಡನ್ನು ಒಂದು ವಾರದ ಮಟ್ಟಿಗೆ ಇಸಕೊಂಡು ಹೊಳಲ್ಕೆರೆಯ ನಮ್ಮ ದೊಡ್ಡಪ್ಪನ ಮನೆಗೆ ಒಯ್ದೆ. ಅಲ್ಲಿ ರೆಕಾರ್ಡ್ ಹಾಕುವ ರೇಡಿಯೋಗ್ರಾಂ ಇತ್ತು. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ರೆಕಾರ್ಡ್ ಮಗುಚಿ ಹಾಕಿದೆ. ನನ್ನ ಐದೂ ಬೆರಳು ಎಣ್ಣೆಯಲ್ಲಿ ಅದರ ಮೇಲೆ ಮೂಡಿದವು. ಶನಿವಾರಕ್ಕೊಮ್ಮೆ ತಲೆಗೆ ಎಣ್ಣೆ ಒತ್ತಿಸಿಕೊಂಡು ಬೆಳೆದ ಹುಡುಗಿಗೆ ಎಣ್ಣೆ ಹೋಗಿಸುವ ಉಪಾಯ ಒಂದೇ ಗೊತ್ತು. ದೊಡ್ಡಮ್ಮ ಮನೆಯಲ್ಲೇ ಕುಟ್ಟಿಟ್ಟಿದ್ದ ತರಿತರಿ ಸೀಗೆಪುಡಿ ತಂದೆ, ನೀರು ಹಾಕಿ ಕಲಸಿದೆ, ಚೆನ್ನಾಗಿ ತಿಕ್ಕಿದೆ. ಎಣ್ಣೆ ಹೋಯಿತು. ಮೂರನೇ ಹಾಡೂ ಹೋಯಿತು.

ಅಂದಿನಿಂದ ಆ ಹಾಡಿನುದ್ದಕ್ಕೂ ಯಾರೋ ಹುರಿಗಡಲೆ ಅಗಿಯುತ್ತಿರುವ ಹಾಗೆ ಕರಕರ. ನಾನು ಒಂದು ಮಾತೂ ಆಡದೆ ವಾಪಸ್ ಕೊಟ್ಟೆ. ಪ್ಲೇಯರಿನ ಮುಳ್ಳು ಕೆಟ್ಟಿದೆ ಎಂದುಕೊಂಡು ಅವಳ ಅಪ್ಪ ಬೆಂಗಳೂರಿಗೆ ಹೇಳಿಕಳಿಸಿ ಹೊಸ ಮುಳ್ಳು ತರಿಸಿದರು. ಕರಕರ ಹೋಗಲಿಲ್ಲ. ಲೂಸಿ ನನ್ನನ್ನು ಏನೂ ಕೇಳಲಿಲ್ಲ. ಟು ಬಿ ಫ್ರಾಂಕ್, ಅವಳು ಬೈದಿದ್ದರೆ ಅವತ್ತಿಗೇ ಮುಗಿಯುತ್ತಿತ್ತು. ಕೇಳದೇ ಇದ್ದದ್ದೇ ಐವತ್ತು ವರ್ಷ ಚುಚ್ಚಿತು.

ಕಳೆದ ತಿಂಗಳು ಫೋನಿನಲ್ಲಿ ನೋಡಿದೆ. ಅದೇ ಆಲ್ಬಂ ರೀಮಾಸ್ಟರ್ ಆಗಿ ಮತ್ತೆ ಬಂದಿದೆ, ಅದೂ ನಿಜವಾದ ಕಪ್ಪು ರೆಕಾರ್ಡಿನಲ್ಲಿ. ಆರ್ಡರ್ ಮಾಡಿದೆ. ಜೊತೆಗೆ ಸೂಟ್‌ಕೇಸಿನಂಥ ಒಂದು ಪ್ಲೇಯರನ್ನೂ ತರಿಸಿದೆ. ಕವರಿನ ಮೇಲೆ ಬಂಗಾರದ ಬಣ್ಣದ ಒಂದು ಸ್ಟಿಕ್ಕರ್. ಅದರಲ್ಲಿದ್ದ ಇಂಗ್ಲಿಷಿನ ಸಾರಾಂಶ: ಅದೇ ಹಳೆಯದು, ಈಗ ಹಿಂದೆಂದಿಗಿಂತ ಸ್ಪಷ್ಟವಾಗಿ.

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ರಿಟೈರಾದ ನಮ್ಮ ಯಜಮಾನರು ರೀಮಾಸ್ಟರ್ ಎಂದರೇನೆಂದು ವಿಚಾರಿಸಿದರು. ಹಳೇ ಟೇಪಿನಲ್ಲಿರುವ ಬೇಡದ ಸದ್ದನ್ನೆಲ್ಲ ತೆಗೆದು ಕ್ಲೀನ್ ಮಾಡುವುದು ಎಂದು ತಿಳಿಸಿಕೊಟ್ಟೆ.

"ಅಂದ್ರೆ ಅವ್ರೂ ತೊಳದವ್ರೆ ಅನ್ನು" ಎಂದರು.

ಮದುವೆಯಾದ ಹೊಸತರಲ್ಲಿ ಇವರಿಗೆ ಸೀಗೆಪುಡಿಯ ಕಥೆ ಹೇಳಿದ್ದು ನನ್ನ ಎರಡನೇ ತಪ್ಪು.

ಶನಿವಾರ ಸಂಜೆ ಮೊದಲ ಎರಡು ಹಾಡು ಹಾಕಿ ನೋಡಿದೆ. ಹಾಡು ಶುರುವಾಗುವ ಮುಂಚೆ ಹಾಡುಗಾರ ಉಸಿರೆಳೆದುಕೊಳ್ಳುವುದು ಕೇಳಿಸಿತು. ಡ್ರಮ್ಮಿನವನ ಸ್ಟೂಲು ಕಿರ್ರೆಂದಿತು. ಬಬ್ಬೂರಿನಲ್ಲಿ ಇದೊಂದೂ ಕೇಳಿಸಿರಲಿಲ್ಲ. ಆಗ ಅವರು ನಮಗೆ ದೊಡ್ಡ ಗಂಡಸರ ಹಾಗೆ ಕಾಣುತ್ತಿದ್ದರು. ಈಗ ಕೇಳಿದರೆ ಮೀಸೆ ಸರಿಯಾಗಿ ಬಂದಿರದ ಹುಡುಗರ ದನಿ. ಮೂರನೆಯದನ್ನು ಹಾಕಲಿಲ್ಲ. ಅದನ್ನು ಲೂಸಿಯ ಜೊತೆಗೇ ಕೇಳಬೇಕು. ರೆಕಾರ್ಡನ್ನು ಪ್ಲೇಯರಿನ ಮೇಲೆಯೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಗಟ್ಟಿ ತೇಯ್ದು ಹಣೆಗೆ ಹಚ್ಚಿಕೊಂಡಾಗ ಜ್ಞಾಪಕವಾಯಿತು: ಹೊಸ ಪ್ಲೇಯರಿಗೆ ಪೂಜೆಯೇ ಆಗಿಲ್ಲ. ನಮ್ಮ ಮನೆಗೆ ಬಂದ ಯಾವ ವಸ್ತುವೂ ವಿಭೂತಿ ಇಲ್ಲದೆ ಕೆಲಸ ಶುರುಮಾಡಿದ್ದಿಲ್ಲ. ಫ್ರಿಜ್ಜು, ಮಿಕ್ಸಿ, ಕೊನೆಗೆ ಯಜಮಾನರ ಬಿ.ಪಿ. ಮಷೀನಿಗೂ ಮೂರು ಪಟ್ಟೆ ಇವೆ. ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದ್ದೇನೆ, ನಿಜ. ಆದರೆ ನನ್ನ ಕೈ ಕಾನ್ವೆಂಟಿಗೆ ಹೋಗಿರಲಿಲ್ಲ. ಒದ್ದೆ ವಿಭೂತಿಯಲ್ಲಿ ಮೂರು ಬೆರಳದ್ದಿ, ಕಪ್ಪಗೆ ಕಂಡ ಜಾಗದಲ್ಲಿ ಭಕ್ತಿಯಿಂದ ಎಳೆದೆ.

ಆಮೇಲೆ ಕನ್ನಡಕ ಹಾಕಿಕೊಂಡೆ.

ಮೂರೂ ಪಟ್ಟೆ ರೆಕಾರ್ಡಿನ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ವಿಭೂತಿ ಗೆರೆಗೆರೆಗಳಲ್ಲಿ ಇಳಿದು ಕೂತಿತು. ಈ ಸಲ ಸೀಗೆಪುಡಿಯ ತಪ್ಪು ಮಾಡಬಾರದೆಂದು ಬುದ್ಧಿ ಉಪಯೋಗಿಸಿದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸ್ಪಂಜಿನಿಂದ ಉಜ್ಜಿದೆ. ಸ್ಪಂಜಿನ ಒರಟಾದ ಹಸಿರು ಮಗ್ಗುಲಿನಿಂದ ಉಜ್ಜುತ್ತಿದ್ದೇನೆ ಎಂಬುದು ತಡವಾಗಿ ಗಮನಕ್ಕೆ ಬಂತು. ಇರಲಿ, ಐದು ನಿಮಿಷ ಆರಲಿ ಎಂದು ಮಹಡಿಗೆ ಒಯ್ದು, ಒಣಗಲು ಹಾಕಿದ್ದ ಹಪ್ಪಳಗಳ ಪಕ್ಕದಲ್ಲಿ ಇಟ್ಟು ಬಂದೆ.

ಅಡುಗೆಮನೆಯಲ್ಲಿ ಎಸರು ಕುದಿಯುತ್ತಿತ್ತು. ಲೂಸಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಪ್ರಾಣ. ಹಿಟ್ಟು ಹಾಕಿ ಕೋಲು ಹಿಡಿದಾಗಲೇ ಅವಳ ಫೋನ್ ಬಂತು. ಬಸ್ಸು ಐಮಂಗಲ ಬಿಟ್ಟಿದೆಯಂತೆ, ಇನ್ನು ಅರ್ಧ ಗಂಟೆಯಂತೆ. ಮುದ್ದೆಗೆ ಹಿಟ್ಟು ಬಿದ್ದಮೇಲೆ ಯಾವ ರಾಕ್ ಬ್ಯಾಂಡಿಗಾಗಿಯೂ ಕೋಲು ಬಿಡುವ ಹಾಗಿಲ್ಲ. ಐದು ನಿಮಿಷ ಇಪ್ಪತ್ತಾಯಿತು. ನಮ್ಮ ದುರ್ಗದ ಬಿಸಿಲಿಗೆ ಇಪ್ಪತ್ತು ನಿಮಿಷ ಬಹಳ ದೊಡ್ಡ ಅವಕಾಶ.

ಯಜಮಾನರು ಮಹಡಿಯಿಂದ ಇಳಿದು ಬಂದರು. ಎರಡೂ ಕೈಯಲ್ಲಿ ಏನನ್ನೋ ಹುಷಾರಾಗಿ ಹಿಡಿದಿದ್ದರು.

"ಈ ಕರೇ ಹಪ್ಪಳ ಯಾವ ಹಿಟ್ಟಿಂದೇ?"

ಅಂಚು ಮೇಲೆದ್ದಿತ್ತು, ನಡುವೆ ತಗ್ಗಿತ್ತು. ನಾನು ಅಳಲಿಲ್ಲ, ಅಳುವುದಕ್ಕೆ ಟೈಮ್ ಇರಲಿಲ್ಲ. ಬಿಸಿ ಆರುವ ಮುಂಚೆ ಅದುಮಬೇಕು. ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ, ಎರಡು ಮಣೆಗಳ ನಡುವೆ ಇಟ್ಟು, ಮಣೆಗಳನ್ನು ದಿವಾನದ ಮೇಲಿಟ್ಟು, ಮೇಲೆ ಕೂತುಕೊಳ್ಳಿ ಎಂದು ಯಜಮಾನರನ್ನು ವಿನಂತಿಸಿಕೊಂಡೆ. ಮನೆಯಲ್ಲಿ ಎಂಬತ್ತು ಕೇಜಿಯ ವಸ್ತು ಅವರೊಬ್ಬರೇ.

"ನಾನೇನು ತೂಕದ ಕಲ್ಲೇನೇ?" ಎನ್ನುತ್ತಲೇ ಕೂತರು.

ಲೂಸಿ ಬಂದಳು. ಹಿರಿಯೂರಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರಾದವಳು, ಈಗಲೂ ನೋಡುವುದು ಹಾಗೆಯೇ. ಮನೆಗೆ ಯಾರೇ ಬಂದರೂ ಎದ್ದು ನಿಂತು ಕೈಮುಗಿಯುವ ನಮ್ಮ ಯಜಮಾನರು, ಅಂದು ಗುಡಿಯೊಳಗಿನ ದೇವರ ಹಾಗೆ ಎತ್ತರದಲ್ಲಿ ಕೂತುಕೊಂಡೇ "ಬರ್ರಿ ಲೂಸಮ್ಮ, ಕುಂತ್ಕಳ್ರಿ" ಎಂದರು. ಮಂಡಿ ನೋವೇ ಎಂದು ಅವಳು ಕೇಳಿದಳು. ಅವರು ನನ್ನ ಮುಖ ನೋಡಿ ಹೌದೆಂದರು. ಪಾಪ, ಬಸ್ಸಾರು ಬಡಿಸುವಾಗಲೂ ಅವರ ತಟ್ಟೆಯನ್ನು ದಿವಾನಕ್ಕೇ ಒಯ್ದು ಕೊಟ್ಟೆ. ಲೂಸಿ ಕೈತೊಳೆಯಲು ಹೋದಾಗ ಅವರನ್ನು ಎಬ್ಬಿಸಿ ರೆಕಾರ್ಡ್ ತೆಗೆದೆ. ಮುಕ್ಕಾಲು ಪಾಲು ನೆಟ್ಟಗಾಗಿತ್ತು.

ಮೂರನೇ ಹಾಡಿಗೆ ಮುಳ್ಳು ಇಟ್ಟೆ. ರೆಕಾರ್ಡು ವಾಣಿವಿಲಾಸ ಸಾಗರದ ತೆಪ್ಪದ ಹಾಗೆ ಏಳುತ್ತಾ ಬೀಳುತ್ತಾ ತಿರುಗಿತು. ಹಾಡುಗಾರನ ದನಿ ತೊನೆಯಿತು. ಮತ್ತು ಹಾಡಿನುದ್ದಕ್ಕೂ ಯಾರೋ ಹುರಿಗಡಲೆ ಅಗಿಯುತ್ತಿದ್ದರು.

ಲೂಸಿ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು.

"ಸೇಮ್ ಟು ಸೇಮ್ ಕಣೇ ವಿಮ್ಮಿ. ನಮ್ಮ ಬಬ್ಬೂರಿನ ರೆಕಾರ್ಡೇ ಕೇಳಿದಂಗೆ ಆತು."

ಸಾರಿ ಹೇಳಬೇಕಾಗಿದ್ದ ಸಮಯ ಇದೇ. ನಾಲಿಗೆ ತುದಿಗೂ ಬಂದಿತ್ತು. ಆದರೆ ಅವಳ ಮುಖದಲ್ಲಿ ಅಷ್ಟು ಸಂತೋಷ ಇದ್ದಾಗ ಎದುರಿಗೊಂದು ಸುಲಭದ ದಾರಿ ಕಂಡಿತು, ನಾನು ಅದನ್ನೇ ಹಿಡಿದೆ. ರೀಮಾಸ್ಟರ್ ಎಂದರೆ ಅದೇ, ಹಳೆಯ ಕೇಳುಗರ ಭಾವನೆಗಳನ್ನು ಗೌರವಿಸಿ ದೊಡ್ಡ ದೊಡ್ಡ ಇಂಜಿನಿಯರುಗಳು ಆ ಕರಕರವನ್ನೂ ಬಹಳ ಶ್ರಮಪಟ್ಟು ಉಳಿಸಿಕೊಂಡಿದ್ದಾರೆ ಎಂದು ವಿವರಿಸಿದೆ. ಯಜಮಾನರಿಗೆ ಕೆಮ್ಮು ಬಂತು. ಎದ್ದು ಹೊರಗೆ ಹೋದರು, ಮಂಡಿ ನೋವಿಲ್ಲದೆ.

ಲೂಸಿ ಹೌದಾ ಹೌದಾ ಎಂದು ತಲೆಯಾಡಿಸಿದಳು. ಆಮೇಲೆ ರೆಕಾರ್ಡನ್ನು ಎರಡೂ ಅಂಗೈಯಲ್ಲಿ ಎತ್ತಿ, ಮೂಗಿನ ಹತ್ತಿರ ತಂದು ಮೂಸಿದಳು.

"ಆವಾಗ ಸೀಗೆಪುಡಿ" ಎಂದಳು. "ನಮ್ಮ ರೆಕಾರ್ಡು ಒಂದು ವರ್ಷ ಎಣ್ಣೆನೀರಿನ ವಾಸ್ನೆ ಹೊಡೀತಿತ್ತು. ಈ ಸಲ ಪಾತ್ರೆ ಸೋಪು. ನಿಂಬೆಹಣ್ಣಿಂದು."

ನಾನು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗಿಯ ಹಾಗೆ ನಿಂತಿದ್ದೆ. ಗೊತ್ತಿದ್ದೂ ಯಾಕೆ ಕೇಳಲಿಲ್ಲ ಎಂದೆ.

"ನೀನೇ ಹೇಳ್ತೀಯ ಅಂತ ಕಾಯ್ಕಂಡಿದ್ದೆ ಕಣೇ. ಇಷ್ಟು ಲೇಟ್ ಮಾಡ್ತೀಯ ಅಂತ ಯಾರಿಗೆ ಗೊತ್ತಿತ್ತು."

ಆಗ ಸಾರಿ ಹೇಳಿದೆ. ಸೀಗೆಪುಡಿಗೆ ಒಂದು, ಅವರಪ್ಪ ತರಿಸಿದ ಮುಳ್ಳಿಗೆ ಒಂದು, ಇಂಜಿನಿಯರುಗಳಿಗೆ ಒಂದು. ಲೂಸಿ ಇನ್ನೊಂದು ಸಲ ಮೂರನೇ ಹಾಡು ಹಾಕು ಎಂದಳು. ಹಾಕಿದೆ. ಇಬ್ಬರೂ ಕರಕರದ ಜೊತೆಗೇ ಹಾಡಿಕೊಂಡೆವು, ಪದಗಳು ಅರ್ಧ ಮರೆತಿದ್ದವು. ಹೊರಡುವಾಗ ಅವಳು ರೆಕಾರ್ಡನ್ನು ಕವರಿಗೆ ಹಾಕಿ ಚೀಲದಲ್ಲಿಟ್ಟುಕೊಂಡಳು. ಹಾಳಾಗಿದ್ದನ್ನು ಯಾಕೆ ಒಯ್ಯುತ್ತೀ ಎಂದರೆ, ನಿನ್ನ ಕೈಗೆ ಸಿಕ್ಕರೆ ಇನ್ನೂ ತೊಳೆಯುತ್ತೀಯ ಎಂದಳು.

ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಿಟ್ಟು ಬಂದೆ. ಬಸ್ಸು ಹತ್ತುವ ಮುಂಚೆ ಲೂಸಿ ನನ್ನ ತೋಳು ಹಿಡಿದು ಮೆಲ್ಲಗೆ ಎರಡು ಸಲ ತಟ್ಟಿದಳು. ಐವತ್ತು ವರ್ಷದ ಭಾರ ಇಳಿದು, ತಲೆ ಎತ್ತಿಕೊಂಡು ನಡೆದೆ. ದಾರಿಯಲ್ಲಿ ನಾಲ್ಕೈದು ಜನ ನನ್ನನ್ನು ನೋಡಿ ನಕ್ಕರು. ಮುಖದಲ್ಲಿ ಅಷ್ಟು ಕಳೆ ಬಂದಿರಬೇಕು ಎಂದುಕೊಂಡು ನಾನೂ ನಕ್ಕೆ.

ಬಾಗಿಲಲ್ಲಿ ಯಜಮಾನರು ತಡೆದು ನಿಲ್ಲಿಸಿ, ನನ್ನ ರವಿಕೆ ತೋಳಿನ ಮೇಲೆ, ಲೂಸಿ ತಟ್ಟಿದ ಜಾಗದಲ್ಲೇ ಇದ್ದ ಕವರಿನ ಬಂಗಾರದ ಬಣ್ಣದ ಸ್ಟಿಕ್ಕರನ್ನು ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅದೇ ಹಳೆಯದು, ಈಗ ಹಿಂದೆಂದಿಗಿಂತ ಸ್ಪಷ್ಟವಾಗಿ.

"ಸರಿಯಾಗೇ ಬರದವ್ರೆ" ಎಂದರು.

ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದೆ.