ಎಂಜಲಿನ ಬೆಳಕು

ಮಧ್ಯಾಹ್ನ ಊಟದ ತಟ್ಟೆಗಳು ಒಂದು ಅಗುಳೂ ಉಳಿಯದೆ, ತೊಳೆದಿಟ್ಟ ಹಾಗೆ ವಾಪಸು ಬಂದದ್ದೇ ತಾಪತ್ರಯಕ್ಕೆ ಮೂಲ. ಬೇರೆ ಕಾರ್ಖಾನೆಯ ಕ್ಯಾಂಟೀನ್ ಸೂಪರ್‌ವೈಸರ್ ಆಗಿದ್ದರೆ ಹಿಗ್ಗುತ್ತಿದ್ದ. ಇವನು ಹಣೆ ಚಚ್ಚಿಕೊಂಡ.

ಕ್ಯಾಂಟೀನಿನ ಹಿಂದೆ ನೆಲದಲ್ಲಿ ಹೂತ ತೊಟ್ಟಿಯೊಂದಿತ್ತು. ಅದಕ್ಕೆ ಎಂಜಲು ಸುರಿದರೆ ಒಳಗೇ ಕೊಳೆತು ಗ್ಯಾಸಾಗಬೇಕು, ಗ್ಯಾಸಿನಿಂದ ಎಂಜಿನ್ ಓಡಬೇಕು, ಎಂಜಿನ್ ಜನರೇಟರನ್ನು ತಿರುಗಿಸಿ ಹನ್ನೆರಡು ದೀಪ ಉರಿಸಬೇಕು. ಅದನ್ನು ಕಟ್ಟಿಸಿದ ಮ್ಯಾನೇಜರೇ ಊಟದ ಹಾಲಿನಲ್ಲಿ ‘ಅನ್ನ ಚೆಲ್ಲಬೇಡಿ’ ಎಂಬ ಬೋರ್ಡನ್ನೂ ಹಾಕಿಸಿದ್ದರು. ಪಾಪ, ಜನ ಮಾತು ಕೇಳಿದ್ದರು. ಗ್ಯಾಸು ತುಂಬಿದಾಗ ಮೇಲೇಳಬೇಕಾದ ಡ್ರಮ್ಮು ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನಂತೆ ಕೂತುಬಿಟ್ಟಿತ್ತು.

ಮರುದಿನ ಬೆಳಗ್ಗೆ ಹೆಡ್ ಆಫೀಸಿನ ಸಾಹೇಬರು ಅದನ್ನು ನೋಡಲು ಬರುವವರಿದ್ದರು. ಒಂಬತ್ತು ವರ್ಷದಿಂದ ಟೆಂಪರರಿಯಾಗಿದ್ದ ಸೂಪರ್‌ವೈಸರನನ್ನು ಕಾಯಂ ಮಾಡಲು ಅವರದೊಂದು ಸಹಿ ಬೇಕಿತ್ತು.

“ದೀಪ ಉರೀಲಿಲ್ಲ ಅಂದ್ರೆ ನಿನ್ನ ಕಾಗದ ಅವರ ಮುಂದೆ ಇಡೋದೇ ಇಲ್ಲ ಕಣಯ್ಯ,” ಎಂದು ಮ್ಯಾನೇಜರು ಹಲ್ಲಿಗೆ ಕಡ್ಡಿ ಹಾಕುತ್ತ ಹೋದರು. ಅವರ ತಟ್ಟೆಯೂ ಖಾಲಿ.

ಉಪ್ಪು ಸುರಿದರೆ ಜನ ತಾವಾಗಿಯೇ ಬಿಡುತ್ತಾರೆ ಎಂದ ಅಡುಗೆಯವನು ಸಂಜೆಯ ತಿಂಡಿಗೆ ಹಾಗೇ ಮಾಡಿದ. ಜನ ಎರಡು ಲೋಟ ನೀರು ಹೆಚ್ಚು ಕುಡಿದು ಎಲ್ಲ ತಿಂದರು. ಸೂಪರ್‌ವೈಸರ್ ಬಕೆಟ್ ಹಿಡಿದು ಪಕ್ಕದ ಹೋಟೆಲಿಗೆ ಹೋದ. ಅಲ್ಲಿನ ಎಂಜಲನ್ನು ಹಂದಿ ಸಾಕುವವನೊಬ್ಬ ಮೊದಲೇ ಗುತ್ತಿಗೆ ಹಿಡಿದಿದ್ದ. ಅವನು ಇವನನ್ನು ಪ್ರತಿಸ್ಪರ್ಧಿಯಂತೆ ನೋಡಿ, “ನಿಮ್ಮಲ್ಲಿ ಎಷ್ಟು ಹಂದಿ?” ಎಂದು ಕೇಳಿದ.

“ಒಂದೇ,” ಎಂದ ಸೂಪರ್‌ವೈಸರ್, ಮ್ಯಾನೇಜರನ್ನು ನೆನೆದು.

ಖಾಲಿ ಬಕೆಟ್ಟಿನೊಂದಿಗೆ ಮರಳಿದವನ ಮುಖವನ್ನು ಪಾತ್ರೆ ತೊಳೆಯುವ ಅಕ್ಕ ನೋಡಿದಳು. ಎರಡನೇ ಪಾಳಿಯ ಊಟದ ಹೊತ್ತಿಗೆ ಸಾಲಿನುದ್ದಕ್ಕೂ ಏನು ಪಿಸುಗುಟ್ಟಿದಳೋ, ಮೂಟೆ ಹೊರುವವನೊಬ್ಬ ತುಂಬಿದ ತಟ್ಟೆಯನ್ನು ಮುಟ್ಟದೆ ತಂದು ಬಕೆಟ್ಟಿಗೆ ಸುರಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಇಡೀ ಪಾಳಿ.

“ಒಂದು ಹೊತ್ತು ತಾನೇ ತಮ್ಮಾ. ನಿನ್ನ ಕೆಲಸ ಗಟ್ಟಿಯಾಗ್ಲಿ,” ಎಂದು ಅಕ್ಕ ತನ್ನ ಡಬ್ಬಿಯನ್ನೂ ಕೊಡವಿದಳು. ಸೂಪರ್‌ವೈಸರ್ ಬಕೆಟ್ಟುಗಳನ್ನು ಒಂದೊಂದಾಗಿ ಹೊತ್ತು ತೊಟ್ಟಿಗೆ ಸುರಿದ.

ಹಸಿದಿದ್ದ ತೊಟ್ಟಿ ಅದನ್ನೆಲ್ಲ ಅರಗಿಸಿಕೊಂಡಿತು. ಬೆಳಗ್ಗೆ ಡ್ರಮ್ಮು ಎದ್ದಿತು, ಎಂಜಿನ್ ನಾಲ್ಕು ಸಲ ಕೆಮ್ಮಿ ಹೊರಟಿತು, ಹನ್ನೆರಡು ದೀಪವೂ ಹತ್ತಿದವು. ಮ್ಯಾನೇಜರು ತಾವೇ ಒಳಗೆ ಕೂತು ಕೊಳೆತವರಂತೆ ಎಲ್ಲ ವಿವರಿಸಿದರು. ಸಾಹೇಬರು ಬೆನ್ನು ತಟ್ಟಿದರು. ಅಷ್ಟರಲ್ಲಿ ತೊಟ್ಟಿಯಲ್ಲಿ ಹಿಡಿಸದೆ ಉಳಿದಿದ್ದ ಎರಡು ಬಕೆಟ್ ಅವರ ಕಣ್ಣಿಗೆ ಬಿದ್ದವು. ಬಗ್ಗಿ ನೋಡಿದರು.

“ಇದು ಎಂಜಲಲ್ಲ, ಊಟ. ಕೈಯೇ ಹಾಕಿಲ್ಲ. ದಿನಾ ಹೀಗೇನಾ?”

ಇಲ್ಲವೆಂದರೆ ದೀಪ ಸುಳ್ಳಾಗುತ್ತದೆ. “ದಿನಾ ಸಾರ್,” ಎಂದರು ಮ್ಯಾನೇಜರು.

“ಯಾವ ಪಾಳಿಯದು?”

“ಎರಡನೇದು ಸಾರ್.”

ಸಾಹೇಬರು ಅಲ್ಲೇ ನಿಂತು ಆರ್ಡರ್ ಬರೆದರು. ಇಂಥ ತೊಟ್ಟಿ ಎಲ್ಲ ಶಾಖೆಗಳಲ್ಲೂ ಆಗಬೇಕು, ಉಸ್ತುವಾರಿಗೆ ಮ್ಯಾನೇಜರು ಹೆಡ್ ಆಫೀಸಿಗೆ ಬರಬೇಕು. ಎರಡನೇ ಪಾಳಿಯವರಿಗೆ ಊಟ ಬೇಡವಾಗಿರುವುದರಿಂದ ಇಂದಿನಿಂದ ನಿಲ್ಲಿಸಬೇಕು. ಇಷ್ಟು ದಿನ ಅನ್ನ ಹೀಗೆ ಪೋಲಾಗುವುದನ್ನು ನೋಡುತ್ತ ಕೂತ ಸೂಪರ್‌ವೈಸರ್ ನಾಳೆಯಿಂದ ಬರಬೇಕಾಗಿಲ್ಲ.

ಊಟ ನಿಂತ ಸುದ್ದಿಯನ್ನು ಆ ಪಾಳಿಯವರಿಗೆ ಹೇಳುವುದೇ ಅವನ ಕೊನೆಯ ಡ್ಯೂಟಿಯಾಯಿತು.